ಚಿನ್ನಜ್ಜಿಯ ಪಕ್ಕದ ಎಲೆ

ಖಾಲಿ ಬಿಟ್ಟ ಕಾಲಮ್ ಕಂಡರೆ ನನಗೆ ಮೈ ಉರಿಯುತ್ತದೆ. ಆಸ್ಪತ್ರೆಯ ಚೀಟಿಯಲ್ಲಿ ವಯಸ್ಸು ಬರೆಯದೆ ಬಿಟ್ಟಿದ್ದರೆ ನಾನೇ ಪೆನ್ನು ತೆಗೆದು ಬರೆದುಬಿಡುತ್ತೇನೆ, ಚೀಟಿ ನನ್ನದಲ್ಲದಿದ್ದರೂ ಸರಿ. ಇಪ್ಪತ್ತೆಂಟು ವರ್ಷ ಸರ್ಕಾರಿ ಶಾಲೆಯಲ್ಲಿ ಹಾಜರಿ ಹಾಕಿ ಹಾಕಿ ಅಂಟಿಕೊಂಡ ರೋಗ ಇದು ಅಂತ ನನ್ನ ಗಂಡ ವಸಂತ ಹೇಳುತ್ತಾರೆ. ಅವರು ಅರ್ಜಿಗಳನ್ನು ಅರ್ಧ ತುಂಬಿಸಿ ಬಿಡುವ ಜಾತಿ. ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಈ ವಿಷಯದಲ್ಲಿ ನಮ್ಮಿಬ್ಬರಿಗೆ ರಾಜಿಯಾಗಿಲ್ಲ.

ಹಾಗಾಗಿ ಜನಗಣತಿ ಬಂತೆಂದರೆ ಉಳಿದ ಟೀಚರುಗಳು ಮಂಡಿನೋವು, ಸೊಂಟನೋವು ಎಂದು ಅರ್ಜಿ ಹಾಕುವಾಗ ನಾನು ಛತ್ರಿ, ನೀರಿನ ಬಾಟಲಿ ಹಿಡಿದು ಹೊರಟಿರುತ್ತೇನೆ. ೨೦೦೧ರಲ್ಲಿ ಮಾಡಿದ್ದೆ, ೨೦೧೧ರಲ್ಲಿ ಮಾಡಿದ್ದೆ. ಈ ವರ್ಷ, ೨೦೨೬ರ ಮನೆಪಟ್ಟಿಗೆ ಕಾಗದವೇ ಇಲ್ಲ, ಎಲ್ಲ ಮೊಬೈಲಿನಲ್ಲಿ. ನಾನಿರುವುದು ಕೊಡಗಿನ ಬಾಳೆಲೆ ಎಂಬ ಊರಿನಲ್ಲಿ, ಶಾಲೆ ಇರುವುದು ತಿತಿಮತಿಯಲ್ಲಿ. ನನಗೆ ಕೊಟ್ಟ ಬ್ಲಾಕೂ ತಿತಿಮತಿಯದೇ. ಅದರ ಕೊನೆಯ ಮನೆ ಗಂಗಜ್ಜಿಯದು. ಕಾಡಿನ ಅಂಚಿಗೆ, ಆನೆ ಕಂದಕದ ಈಚೆಗೆ, ಎರಡು ಎಕರೆ ಕಾಫಿಯ ನಡುವೆ ಒಂದು ಹಂಚಿನ ಮನೆ.

ಗಂಗಜ್ಜಿಗೆ ಎಂಬತ್ತನಾಲ್ಕು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ತಮ್ಮ ಉತ್ತಯ್ಯಣ್ಣನ ಸಂಸಾರದ ಜೊತೆ ಇದ್ದಾಳೆ. ತಮ್ಮನಿಗೆ ಎಪ್ಪತ್ತೊಂಬತ್ತು. ಇಬ್ಬರದೂ ಹಸಿರು ಬೆರೆತ ಬೂದು ಕಣ್ಣು. ತಿತಿಮತಿಯಲ್ಲಿ ‘ಬೆಕ್ಕಿನ ಕಣ್ಣಿನ ಮನೆ’ ಎಂದರೆ ಸಾಕು, ಆಟೋದವರು ಬೇರೇನೂ ಕೇಳದೆ ಅಂಗಳಕ್ಕೆ ತಂದು ಬಿಡುತ್ತಾರೆ.

ಗೋಡೆ ಯಾವುದರದು, ನೀರು ಎಲ್ಲಿಂದ, ಟಿ.ವಿ. ಇದೆಯೇ, ಎಲ್ಲ ಕೇಳಿ ಮುಗಿಸಿದೆ. ಅಜ್ಜಿ ಕಾಫಿ ಲೋಟ ಕೈಗಿಟ್ಟು ಎದುರು ಕೂತಳು.

“ಅಲ್ಲ ಟೀಚರೇ, ಕಕ್ಕಸು ಎಷ್ಟು ಅಂತ ಕೇಳಿದ್ರಿ. ನಮ್ಮ ಅಜ್ಜನ ಹೆಸರು ಎಂತ ಅಂತ ಕೇಳಲಿಲ್ಲ.”

“ಅಜ್ಜನ ಹೆಸರಿಗೆ ಕಾಲಮ್ ಇಲ್ಲ ಗಂಗಜ್ಜಿ.”

“ಇದ್ದಿದ್ರೂ ಖಾಲಿ ಬಿಡ್ಬೇಕಿತ್ತು ಬಿಡಿ. ನಂಗೆ ಗೊತ್ತಿಲ್ಲ.”

ನಾನು ಲೋಟ ಕೆಳಗಿಟ್ಟೆ. ಖಾಲಿ ಎಂಬ ಮಾತು ನನ್ನ ಕಿವಿಗೆ ಬಿದ್ದರೆ ಮುಗಿಯಿತು.

ಅಜ್ಜಿ ಹೇಳಿದ್ದು ಇಷ್ಟು. ಅವಳ ಅಜ್ಜಿ ಚಿನ್ನ ಪಕ್ಕದ ಎಸ್ಟೇಟಿನಲ್ಲಿ ಹಣ್ಣು ಕೊಯ್ಯುವ ಪಿಕಿಂಗ್ ಕೆಲಸ ಮಾಡುತ್ತಿದ್ದವಳು. ಅಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ನೋಡಿಕೊಳ್ಳಲು ಜರ್ಮನಿಯಿಂದ ಒಬ್ಬ ಇಂಜಿನಿಯರ್ ಬಂದ. ಅವನಿಗೂ ಚಿನ್ನಜ್ಜಿಗೂ ಒಪ್ಪಿತು. ಈ ಮನೆ ಕಟ್ಟಿದ್ದು ಅವನೇ. ಸಣ್ಣಿ ಎಂಬ ಮಗಳು ಹುಟ್ಟಿದಳು. ಅವಳೇ ಗಂಗಜ್ಜಿಯ ತಾಯಿ. ಸಣ್ಣಿಗೆ ಎರಡು ವರ್ಷವಾದಾಗ, ೧೯೧೪ರಲ್ಲಿ, ಒಂದು ಬೆಳಿಗ್ಗೆ ಅವನು ಇಬ್ಬರು ಪೊಲೀಸರ ಜೊತೆ ಮಡಿಕೇರಿಗೆ ಹೋದ. ಮತ್ತೆ ಬರಲಿಲ್ಲ.

ಯುದ್ಧ ಶುರುವಾಗಿ ಜರ್ಮನಿಯವರನ್ನೆಲ್ಲ ಬ್ರಿಟಿಷರು ಹಿಡಿದು ಶಿಬಿರಕ್ಕೆ ಹಾಕುತ್ತಿದ್ದ ಕಾಲ ಅದು. ಊರಿಗೆ ಆ ಲೆಕ್ಕ ಬೇಕಿರಲಿಲ್ಲ. ಬಿಟ್ಟು ಓಡಿಹೋದ ಎಂದಿತು. ಚಿನ್ನ ಹೆಂಡತಿಯಲ್ಲ, ಇಟ್ಟುಕೊಂಡವಳು ಎಂದಿತು. ಇನ್ನು ಕೆಲವರು, ಅವನು ಶಿಬಿರದಲ್ಲಿ ಸತ್ತ, ಹೆಣ ತಂದು ಎಸ್ಟೇಟಿನೊಳಗೆ ಹರಿಯುವ ತೋಡಿನ ಹತ್ತಿರ ಹೂತರು, ಅಲ್ಲಿರುವ ಕಲ್ಲು ಅವನದೇ ಎಂದರು.

“ಚಿನ್ನಜ್ಜಿ ಹೆಸರು ಹೇಳಿಲ್ವಾ?”

“ಸಾಯೋವರೆಗೂ ‘ಇವರು, ಇವರು’ ಅಂತಿದ್ಲು. ‘ಇವರು ಅಂದ್ರೆ ಯಾರಜ್ಜಿ, ಹೆಸರೆಂತ’ ಅಂದ್ರೆ ನಕ್ಕೊಂಡು ಒಳಗೆ ಹೋಗ್ತಿದ್ಲು. ನಂಗಾಗ ಹನ್ನೊಂದು ವರ್ಷ.”

ವಿಷಯ ಇಷ್ಟೇ ಆಗಿದ್ದರೆ ನಾನು ಕಾಫಿ ಕುಡಿದು ಎದ್ದು ಬರುತ್ತಿದ್ದೆನೋ ಏನೋ. ಆದರೆ ಅಲ್ಲಿ ಇನ್ನೊಂದು ಖಾಲಿ ಜಾಗ ಇತ್ತು. ಪಿತೃಪಕ್ಷದ ಭಾನುವಾರ ಆ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಒಳಕೋಣೆಯಲ್ಲಿ ಬಾಳೆ ಎಲೆಗಳನ್ನು ಸಾಲಾಗಿ ಹಾಕಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುವುದು ಮನೆಯ ಹಿರಿಯ ಗಂಡಸಿನ ಕೆಲಸ, ಅಂದರೆ ಉತ್ತಯ್ಯಣ್ಣನದು. ಗಂಡ ಹೆಂಡತಿಯ ಎಲೆಗಳನ್ನು ತುದಿಗೆ ತುದಿ ತಾಗಿಸಿ ಹಾಕುತ್ತಾರೆ. ಚಿನ್ನಜ್ಜಿಯ ಎಲೆ ಮಾತ್ರ ಪ್ರತಿ ವರ್ಷವೂ ಕೊನೆಯಲ್ಲಿ ಒಂಟಿ.

“ಹೆಸರು ಗೊತ್ತಿಲ್ಲದವನನ್ನ ಎಂತ ಅಂತ ಕರೆಯೋದು?” ಎಂದು ಉತ್ತಯ್ಯಣ್ಣ ಜಗುಲಿಯಿಂದಲೇ ಗುಡುಗಿದ. ಅವನು ಅಲ್ಲೇ ಕಾಳುಮೆಣಸು ಆರಿಸುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದ. “ಮದುವೆ ಆಗಿದ್ದಕ್ಕೆ ಸಾಕ್ಷಿ ಇಲ್ಲ. ಹೆಸರೂ ಇಲ್ಲ. ಹೇಳದೆ ಕೇಳದೆ ಹೋದ ಮನುಷ್ಯ. ಅವನಿಗೆ ಎಂತಕ್ಕೆ ಎಲೆ? ನಾನು ಇರೋವರೆಗೆ ಹಾಕಲ್ಲ.”

ಅವನ ಸಿಟ್ಟಿಗೂ ಕಾರಣವಿತ್ತು. ಶಾಲೆಯಲ್ಲಿ ‘ಇಟ್ಟುಕೊಂಡವಳ ಮೊಮ್ಮಗ’ ಎಂದದ್ದಕ್ಕೆ ಅವನು ಇಬ್ಬರ ಹಲ್ಲು ಉದುರಿಸಿ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು.

ಅಜ್ಜಿ ನನ್ನ ಕಡೆ ಬಗ್ಗಿ ದನಿ ತಗ್ಗಿಸಿದಳು. “ಅವನು ಹಾಕದಿದ್ರೆ ಎಂತ, ನಾನು ಬಿಟ್ಟಿಲ್ಲ. ನಲವತ್ತು ವರ್ಷದಿಂದ ಎಡೆ ದಿನ ಒಂದು ಎಲೆ ಸೆರಗಲ್ಲಿ ಮುಚ್ಚಿಕೊಂಡು ಹೋಗಿ ಆ ಕಲ್ಲಿನ ಮುಂದೆ ಇಟ್ಟು ಬರ್ತೇನೆ. ಹಂದಿ ಕರಿ, ನಾಲ್ಕು ಕಡಂಬುಟ್ಟು ಉಂಡೆ, ಒಂದು ಸಣ್ಣ ಗ್ಲಾಸು ರಮ್ಮು.” ಆಮೇಲೆ ನನ್ನ ಕೈ ಹಿಡಿದಳು. “ಆದ್ರೆ ಕದ್ದು ಇಟ್ಟಿದ್ದು ಇಟ್ಟ ಹಾಗಲ್ಲ ಟೀಚರೇ. ನಾನು ಹೋಗೋದ್ರೊಳಗೆ ಅವರ ಎಲೆ ನಮ್ಮ ಅಜ್ಜಿ ಎಲೆ ಪಕ್ಕ ನೋಡ್ಬೇಕು. ಹೆಸರು ಕರೆದು ಹಾಕ್ಬೇಕು. ನೀವು ಜನಗಣತಿಯವರು. ಹಳೇ ಪುಸ್ತಕದಲ್ಲಿ ಹೆಸರು ಇರಲ್ವಾ?”

“ಇರದೆ ಏನು! ಎಡೆಗೆ ಮೊದಲು ತಂದು ಕೊಡ್ತೇನೆ” ಎಂದುಬಿಟ್ಟೆ. ಬಾಯಿಂದ ಬಂದುಹೋಯಿತು.

ಮುಂದಿನ ವಾರ ಮಡಿಕೇರಿಗೆ ಹೋದೆ. ಜನಗಣತಿ ಕಚೇರಿಯಲ್ಲಿ ಶಶಿಕುಮಾರ್ ಎಂಬ ಹಿರಿಯ ಗುಮಾಸ್ತರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

“ಮೇಡಂ, ೧೯೧೧ರಲ್ಲಿ ಕೊಡಗಿನಲ್ಲಿ ಎಷ್ಟು ಜನ ಇದ್ರು ಅಂತ ಬೇಕಾದ್ರೆ ಹೇಳ್ತೇನೆ. ಯಾರು ಯಾರು ಅಂತ ಹೇಳೋಕಾಗಲ್ಲ. ಎಣಿಸಿ ಕೂಡಿಸಿದ ಮೇಲೆ ಮನೆಮನೆಯ ಹಾಳೆ ಇಟ್ಟುಕೊಳ್ಳಲ್ಲ.”

“ಹಾಗಾದ್ರೆ ನಾನು ೨೦೦೧ರಲ್ಲಿ ಬರೆದದ್ದು?”

“ಅದೂ ಅಷ್ಟೇ.”

ನನ್ನ ಕೈಬರಹಕ್ಕೆ ತಾಲೂಕು ಮಟ್ಟದಲ್ಲಿ ಬಹುಮಾನ ಬಂದಿದೆ. ಒಂದು ಕಾಲಮ್ಮನ್ನೂ ಖಾಲಿ ಬಿಡದೆ, ಒಂದು ಹೊಡೆದುಹಾಕಿದ ಗುರುತೂ ಇಲ್ಲದೆ ಬರೆದ ಆ ಹಾಳೆಗಳನ್ನು ನೆನೆದು ಬಸ್ಸಿನಲ್ಲಿ ಬರುವಾಗ ನನಗೆ ಅಳುವೇ ಬಂತು. ಗೋಣಿಕೊಪ್ಪ ದಾಟುವ ಹೊತ್ತಿಗೆ ಅಳು ಹೋಗಿ ಹಟ ಬಂದಿತ್ತು. ಪುಸ್ತಕದಲ್ಲಿ ಇಲ್ಲದಿದ್ದರೆ ಕಲ್ಲಿನ ಮೇಲೆ ಇರಲೇಬೇಕು.

ಭಾನುವಾರ ತೆಂಗಿನ ನಾರು, ಒಂದು ಕೊಡ ನೀರು, ಶಾಲೆಯಿಂದ ತಂದ ಸೀಮೆಸುಣ್ಣ ಹಿಡಿದು ತೋಡಿನ ಹತ್ತಿರ ಹೋದೆವು. ಮುಂದೆ ಗಂಗಜ್ಜಿ, ಅವಳ ಹಿಂದೆ ನಾನು. ಕಲ್ಲಿನ ಹತ್ತಿರ ಹಾವಿರುತ್ತದೆ ಎಂಬ ನೆಪ ಹೇಳಿಕೊಂಡು ಕತ್ತಿ ಹಿಡಿದ ಉತ್ತಯ್ಯಣ್ಣನೂ ಬಂದ. ಕಲ್ಲು ಮೊಣಕಾಲೆತ್ತರ, ಪೂರ್ತಿ ಪಾಚಿ. ಉಜ್ಜಿ ತೊಳೆದು, ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಸವರಿದೆ. ಸವೆದ ಇಂಗ್ಲಿಷ್ ಅಕ್ಷರಗಳು ಒಂದೊಂದೇ ಎದ್ದು ಬಂದವು.

“ಬ್ರೂನೋ” ಎಂದು ಓದಿದೆ.

ಗಂಗಜ್ಜಿ ಅಲ್ಲೇ ಕೈ ಮುಗಿದಳು. ಕಣ್ಣಿಂದ ನೀರು ಇಳಿಯಿತು. “ಬ್ರೂನಜ್ಜ” ಎಂದಳು, ಮೆಲ್ಲಗೆ. “ನಮ್ಮ ಬ್ರೂನಜ್ಜ.” ಉತ್ತಯ್ಯಣ್ಣ ಬೇರೆ ಕಡೆ ತಿರುಗಿ ಬಿದಿರು ಮೆಳೆಯನ್ನು ನೋಡುತ್ತ ನಿಂತ.

ನಾನು ಕೆಳಗಿನ ಸಾಲಿಗೆ ಸೀಮೆಸುಣ್ಣ ಸವರಿದೆ. ೧೯೦೯ರಿಂದ ೧೯೨೧. ಹನ್ನೆರಡೇ ವರ್ಷ. ಅದರ ಕೆಳಗೆ ‘ನಂಬಿಕಸ್ಥ ಕಾವಲುಗಾರ’ ಎಂಬ ಅರ್ಥದ ಮಾತು. ಅದಕ್ಕೂ ಕೆಳಗೆ, ಮಣ್ಣು ಕೆದಕಿದರೆ, ಅಚ್ಚುಕಟ್ಟಾಗಿ ಕೆತ್ತಿದ ನಾಲ್ಕು ಬೆರಳಿನ ಒಂದು ಪಾದ.

ಮೂವರೂ ಬಗ್ಗಿ ಆ ಪಾದವನ್ನು ನೋಡಿದೆವು.

“ಅಕ್ಕಾ,” ಉತ್ತಯ್ಯಣ್ಣನ ದನಿ ನಡುಗುತ್ತಿತ್ತು, “ಇದು ನಾಯಿ!” ಅಷ್ಟು ಹೇಳುವಷ್ಟರಲ್ಲಿ ಅವನಿಗೆ ನಗು ಒತ್ತರಿಸಿ ಬಂದು ಕತ್ತಿ ಕೆಳಗೆ ಬಿತ್ತು. “ನಲವತ್ತು ವರ್ಷ! ಮ್ಯಾನೇಜರ್ ದೊರೆಯ ನಾಯಿಗೆ! ಹಂದಿ ಕರಿ! ರಮ್ಮು!”

ಗಂಗಜ್ಜಿ ಮೊದಲು ತಮ್ಮನನ್ನು, ಆಮೇಲೆ ಕಲ್ಲನ್ನು ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಅವಳು ಕಲ್ಲಿನ ಪಕ್ಕ ಕೂತುಬಿಟ್ಟು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. “ಅದಕ್ಕೇ! ಮಾರನೇ ದಿನ ಬಂದು ನೋಡಿದ್ರೆ ಎಲೆ ಇಷ್ಟು ಚೆನ್ನಾಗಿ ನೆಕ್ಕಿ ಇಟ್ಟಿರ್ತಿತ್ತು! ಅಜ್ಜನಿಗೆ ನನ್ನ ಕರಿ ಅಂದ್ರೆ ಎಷ್ಟು ಇಷ್ಟ ಅಂತ ಹಿಗ್ಗಿ ಹೋಗ್ತಿದ್ದೆ.” ನಾವು ಮೂವರೂ ಕಣ್ಣೀರು ಬರುವಷ್ಟು ನಕ್ಕೆವು.

ವಾಪಸು ಬರುವಾಗ ಅವಳ ನಡಿಗೆ ನಿಧಾನವಾಯಿತು. ಕಾಫಿ ಗಿಡಗಳ ನಡುವೆ ನಿಂತು, “ಇದ್ದ ಗೋರಿಯೂ ಹೋಯ್ತಲ್ಲ ಟೀಚರೇ” ಎಂದಳು. ನಾನು ಹುಡುಕಲು ಹೋಗಿ ಅವಳ ಬಳಿ ಇದ್ದದ್ದನ್ನೂ ಕಳೆದುಬಿಟ್ಟಿದ್ದೆ.

ನನ್ನ ಸಪ್ಪೆ ಮುಖ ನೋಡಲಾರದೆ ಪೊನ್ನಪ್ಪಣ್ಣನ ಹೆಸರು ಹೇಳಿದ್ದು ವಸಂತ. ಆ ಉಪಕಾರವನ್ನು ಇಲ್ಲಿ ಬರೆದಿಡಬೇಕು, ಇಲ್ಲದಿದ್ದರೆ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ.

ಪೊನ್ನಪ್ಪಣ್ಣ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತರಾದವರು. ನಮ್ಮ ಕಡೆ ಪೇಪರ್ ಬಂದರೆ ಮೊದಲು ಓದುವುದು ನಿಧನದ ಸುದ್ದಿ. ಯಾರು ಪ್ರಧಾನಿಯಾದರು ಎಂಬುದನ್ನು ಸಂಜೆ ಓದಿದರೂ ನಡೆಯುತ್ತದೆ. ಯಾರು ತೀರಿಕೊಂಡರು ಎಂಬುದು ಬೆಳಿಗ್ಗೆಯೇ ಗೊತ್ತಾಗಬೇಕು, ಏಕೆಂದರೆ ಹೋಗಬೇಕು. ಗುರುತಿದ್ದವರ ಸಾವಿಗೆ ಹೋಗದಿದ್ದರೆ ಅದನ್ನು ಮೂರು ತಲೆಮಾರು ನೆನಪಿಟ್ಟುಕೊಳ್ಳುತ್ತಾರೆ. ಪೊನ್ನಪ್ಪಣ್ಣ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಅವರ ಅಕ್ಕನ ಮದುವೆಗೆ ಸತ್ತು ಎರಡು ವರ್ಷವಾದವರೊಬ್ಬರಿಗೆ ಕರೆಯೋಲೆ ಕೊಟ್ಟು ಮನೆಯವರೆಲ್ಲ ನಾಚಿಕೆಪಟ್ಟದ್ದಕ್ಕೆ, ೧೯೬೮ರಿಂದ ಪ್ರತಿಯೊಂದು ನಿಧನದ ಸುದ್ದಿಯನ್ನೂ ಕತ್ತರಿಸಿ ಎಸ್ಟೇಟಿನ ಹಳೆಯ ಹಾಜರಿ ಪುಸ್ತಕಗಳಲ್ಲಿ ಅಂಟಿಸಿ ಇಟ್ಟಿದ್ದರು. ಮೂವತ್ತೊಂದು ಪುಸ್ತಕ. ಊರಿಗೊಂದು ವಿಭಾಗ. ಒಂದೂ ಖಾಲಿ ಕಾಲಮ್ ಇಲ್ಲ. ಆ ಕಪಾಟಿನ ಮುಂದೆ ನಿಂತಾಗ ಇವರನ್ನು ಇಪ್ಪತ್ತಾರು ವರ್ಷ ಮೊದಲೇ ನೋಡಬೇಕಿತ್ತು ಅನ್ನಿಸಿತು.

“ಜರ್ಮನಿ ಅಂದ್ರೆ ಎಲ್ಲಿ ಅಂತ ಹುಡುಕೋದು ಮಾರಾಯ್ತಿ?” ಎಂದರು ಅವರು. “ಬಾಳೆಲೆ ಇದೆ, ಕುಟ್ಟ ಇದೆ. ಜರ್ಮನಿ ಅಂತ ವಿಭಾಗ ನಾನು ಮಾಡಿಲ್ಲ. ಕೂತು ಓದು.”

ಕೂತು ಓದಿದೆ. ಮೂರು ಭಾನುವಾರ. ಸತ್ತವರ ಸುದ್ದಿ ಓದಿದರೆ ಮನಸ್ಸು ಕುಗ್ಗುತ್ತದೆ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಒಬ್ಬರು ಹಾಕಿ ಆಡಿದ್ದರು, ಒಬ್ಬರು ಎರಡು ಹುಲಿ ಕಂಡಿದ್ದರು, ಒಬ್ಬರು ‘ಮಿತಭಾಷಿಯಾಗಿದ್ದು ಏಳು ಮಕ್ಕಳನ್ನು ಅಗಲಿದ್ದಾರೆ’. ಪೊನ್ನಪ್ಪಣ್ಣ ಎದುರು ಕೂತು ಪ್ರತಿಯೊಬ್ಬರ ಸಾವಿನ ಮನೆಯಲ್ಲಿ ಏನಾಯಿತೆಂದು ಹೇಳುತ್ತಿದ್ದರು. ಮೂರನೇ ಭಾನುವಾರ ಕುಟ್ಟದ ವಿಭಾಗದಲ್ಲಿ, ೧೯೭೬ರ ಒಂದು ಅಂಗೈಯಗಲದ ಚೂರು ಸಿಕ್ಕಿತು.

‘ಹಿರಿಯ ಪಲ್ಪರ್ ಮೇಸ್ತ್ರಿ ಶಂಕು (೮೧) ಅವರು ನಿಧನರಾದರು. ಇವರು ಬಾಲ್ಯದಲ್ಲಿ ತಿತಿಮತಿಯ ಎಸ್ಟೇಟಿನಲ್ಲಿ ಜರ್ಮನ್ ಇಂಜಿನಿಯರ್ ಗಾಟ್ಲೀಬ್ ರಾಪ್ ಅವರಿಂದ ಕೆಲಸ ಕಲಿತಿದ್ದರು.’

ನಾನು ಕೂಗಿದ ಕೂಗಿಗೆ ಪೊನ್ನಪ್ಪಣ್ಣನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದರು.

ಹೆಸರು ಸಿಕ್ಕಿತು. ಅದನ್ನು ಆ ರಾತ್ರಿಯೇ ಫೋನ್ ಮಾಡಿ ಹೇಳಬಹುದಿತ್ತು. ಹೇಳಲಿಲ್ಲ. ಒಂದು ಸಲ ಬ್ರೂನಜ್ಜ ಮಾಡಿಕೊಂಡದ್ದು ಸಾಕಾಗಿತ್ತು. ತಿತಿಮತಿಯ ಎಸ್ಟೇಟಿನಲ್ಲಿ ಇದ್ದ ಜರ್ಮನಿಯವನು ಇವನೊಬ್ಬನೇ ಎಂದು ಯಾರು ಹೇಳಿದರು? ಇವನು ಚಿನ್ನಜ್ಜಿಯ ‘ಇವರು’ ಹೌದೋ ಅಲ್ಲವೋ? ಹೌದಾದರೆ, ಬಿಟ್ಟುಹೋದವನೋ, ಕರೆದುಕೊಂಡು ಹೋಗಲ್ಪಟ್ಟವನೋ?

ಮೊಬೈಲಿನಲ್ಲಿ ಹುಡುಕುವುದನ್ನು ನಾನೇ ಕಲಿತೆ. ನಮ್ಮಲ್ಲಿ ಹಾಳೆಗಳನ್ನು ಇಟ್ಟುಕೊಳ್ಳುವುದಿಲ್ಲ. ಅಮೆರಿಕದವರು ಜನಗಣತಿಯ ಹಾಳೆಗಳನ್ನು ಜೋಪಾನವಾಗಿಟ್ಟು, ಎಪ್ಪತ್ತೆರಡು ವರ್ಷ ಕಳೆದ ಮೇಲೆ ಯಾರು ಬೇಕಾದರೂ ನೋಡಿ ಎಂದು ತೆರೆದಿಡುತ್ತಾರಂತೆ. ಯುದ್ಧದ ನಂತರ ಜರ್ಮನಿಯವರು ಎಷ್ಟೋ ಜನ ಅಲ್ಲಿಗೆ ಹೋಗಿದ್ದರೆಂದು ಓದಿ ಅಲ್ಲೇ ಹುಡುಕಿದೆ. ಹಾಗೆ ಹೋದ ರಾಪ್‌ಗಳು ನೂರಾರು. ರಾಪ್‌ಗಳ ನಡುವೆ ಹದಿನೈದು ದಿನ ಓಡಾಡಿದೆ. ಕೊನೆಗೆ ಅಯೋವಾ ಎಂಬ ರಾಜ್ಯದ ಒಂದು ಸಣ್ಣ ಊರಿನ ೧೯೩೦ರ ಹಾಳೆ ಎದುರಿಗೆ ಬಂತು. ಯಾರೋ ನನ್ನಂಥವರೇ ಮನೆಮನೆಗೆ ಹೋಗಿ ಶಾಯಿಯಲ್ಲಿ ಬರೆದದ್ದು, ಒಳ್ಳೆಯ ಅಕ್ಷರ. ಮನೆಯ ಯಜಮಾನ, ಅವನ ಹೆಂಡತಿ, ಮಕ್ಕಳು. ಕೊನೆಯ ಸಾಲಿನಲ್ಲಿ ಯಜಮಾನನ ತಮ್ಮ, ಗಾಟ್ಲೀಬ್ ರಾಪ್, ವಯಸ್ಸು ಐವತ್ತೊಂದು. ಹುಟ್ಟಿದ್ದು ಜರ್ಮನಿ. ಕೆಲಸ, ಹಾಲಿನ ಡೈರಿಯಲ್ಲಿ ಯಂತ್ರ ರಿಪೇರಿ.

ಮದುವೆಯ ಕಾಲಮ್ಮಿನಲ್ಲಿ: ವಿವಾಹಿತ. ಮೊದಲ ಮದುವೆಯಾದಾಗ ವಯಸ್ಸು: ಮೂವತ್ತೊಂದು.

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಮೂವತ್ತೊಂದಕ್ಕೆ ಅಂದರೆ ೧೯೧೦. ಸಣ್ಣಿ ಹುಟ್ಟಿದ್ದು ೧೯೧೨. ಮನೆಯಲ್ಲಿ ಅವನ ಹೆಂಡತಿ ಎಂದು ಯಾರೂ ಇಲ್ಲ.

ಈ ಕೆಲಸ ಮಾಡಿದವರಿಗೆ ಮಾತ್ರ ಒಂದು ವಿಷಯ ಗೊತ್ತಿರುತ್ತದೆ. ಅಣ್ಣನ ಮನೆಯಲ್ಲಿ ಒಂಟಿಯಾಗಿರುವ ಐವತ್ತು ದಾಟಿದ ಗಂಡಸು ಕಂಡರೆ ನಮ್ಮ ಪೆನ್ನು ತಾನಾಗಿಯೇ ‘ಅವಿವಾಹಿತ’ ಎಂದು ಬರೆಯಲು ಹೋಗುತ್ತದೆ. ಅಲ್ಲಿ ಬೇರೆ ಬರೆದಿದೆಯೆಂದರೆ ಅವನು ಪೆನ್ನು ತಡೆದು ಹೇಳಿದ್ದಾನೆ. ನಾನು ಮದುವೆಯಾದವನು, ಬರೆದುಕೊಳ್ಳಿ ಎಂದಿದ್ದಾನೆ.

ಆ ಊರಿನ ಲೈಬ್ರರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದೆ. ನಮ್ಮೂರಿನ ಹಾಗೆ ನಿಮ್ಮೂರಲ್ಲೂ ನಿಧನದ ಸುದ್ದಿ ಕತ್ತರಿಸಿ ಇಡುವ ಪುಣ್ಯಾತ್ಮರು ಇದ್ದರೆ ದಯವಿಟ್ಟು ಈ ಹೆಸರು ನೋಡಿ ಎಂದೆ. ಇದ್ದರು. ಲೈಬ್ರರಿಯ ಹೆಂಗಸೊಬ್ಬರು ನಾಲ್ಕೇ ದಿನದಲ್ಲಿ ೧೯೩೬ರ ಊರಿನ ಪತ್ರಿಕೆಯ ಒಂದು ತುಣುಕಿನ ಫೋಟೊ ಕಳಿಸಿದರು. ಅದನ್ನು ಓದಿ ಮುಗಿಸಿದಾಗ ನಾನು ಸ್ಟಾಫ್ ರೂಮಿನಲ್ಲಿದ್ದೆ. ಬೆಲ್ ಹೊಡೆದದ್ದು ಕೇಳಿಸಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ತರಗತಿಗೆ ತಡವಾಗಿ ಹೋದೆ.

ಸಂಜೆ ಗಂಗಜ್ಜಿಯ ಜಗುಲಿಯಲ್ಲಿ ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿ ಕನ್ನಡದಲ್ಲಿ ಹೇಳುತ್ತ ಹೋದೆ.

“ಗಾಟ್ಲೀಬ್ ರಾಪ್, ಐವತ್ತೇಳು ವರ್ಷ, ಮಂಗಳವಾರ ಅಣ್ಣನ ಮನೆಯಲ್ಲಿ ನಿಧನರಾದರು. ಭಾರತದ ಕೊಡಗಿನಲ್ಲಿ ಎಂಟು ವರ್ಷ ಕಾಫಿ ಯಂತ್ರಗಳ ಕೆಲಸ ಮಾಡಿದ್ದರು. ಯುದ್ಧದ ಕಾಲದಲ್ಲಿ ಸೆರೆಯಲ್ಲಿಟ್ಟು, ಆಮೇಲೆ ಹಡಗಿನಲ್ಲಿ ಜರ್ಮನಿಗೆ ಕಳಿಸಲಾಯಿತು. ಭಾರತಕ್ಕೆ ಮರಳಲು ಹಲವು ಸಲ ಅರ್ಜಿ ಹಾಕಿದರೂ ಅನುಮತಿ ಸಿಗಲಿಲ್ಲ.”

ಉತ್ತಯ್ಯಣ್ಣ ಮೆಣಸು ಆರಿಸುವುದನ್ನು ನಿಲ್ಲಿಸಿದ.

“ಪ್ರತಿ ಕ್ರಿಸ್‌ಮಸ್‌ಗೆ ತಿತಿಮತಿಗೆ ಕಾಗದ ಬರೆಯುತ್ತಿದ್ದರು. ಮೃತರು ಅಣ್ಣನನ್ನೂ, ಭಾರತದ ತಿತಿಮತಿಯಲ್ಲಿರುವ ಪತ್ನಿ ಚಿನ್ನ ಹಾಗೂ ಪುತ್ರಿ ಸಣ್ಣಿಯನ್ನೂ ಅಗಲಿದ್ದಾರೆ.”

ಆ ಕಾಗದಗಳಲ್ಲಿ ಒಂದೂ ಈ ಮನೆಗೆ ಮುಟ್ಟಿರಲಿಲ್ಲ. ಗಂಗಜ್ಜಿಯ ಎರಡೂ ಕೈ ಬಾಯಿಯ ಮೇಲಿದ್ದವು.

“ಕೊನೇದು ಇನ್ನೊಂದ್ಸಲ ಓದಿ” ಎಂದ ಉತ್ತಯ್ಯಣ್ಣ. ಓದಿದೆ. “ಇನ್ನೊಂದ್ಸಲ.” ಮತ್ತೆ ಓದಿದೆ. “ಪತ್ನಿ ಅಂತಲೇ ಇದೆಯಾ? ನೀವು ಸೇರಿಸಿದ್ದಲ್ಲ ತಾನೇ?”

“ನಾನು ಖಾಲಿ ಇದ್ದದ್ದನ್ನ ತುಂಬಿಸ್ತೇನೆ ಉತ್ತಯ್ಯಣ್ಣ, ಇಲ್ಲದ್ದನ್ನ ಸೇರಿಸಲ್ಲ” ಎಂದೆ, ಸ್ವಲ್ಪ ಜೋರಾಗಿಯೇ.

ಅವನು ಮೆಣಸಿನ ರಾಶಿಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಅಕ್ಕನ ಕಡೆ ತಿರುಗಿದ. “ನಾವು ದಡ್ಡರು ಅಕ್ಕ. ಇಷ್ಟು ವರ್ಷ ಉತ್ತರ ಮನೆಯಲ್ಲೇ ಇತ್ತು. ಅಜ್ಜಿ ಯಾಕೆ ಹೆಸರು ಹೇಳ್ಲಿಲ್ಲ? ಇಟ್ಟುಕೊಂಡವಳಾಗಿದ್ರೆ ಹೇಳ್ತಿದ್ಲು. ಗಂಡನ ಹೆಸರನ್ನ ಹೆಂಡ್ತಿ ಬಾಯಿಬಿಟ್ಟು ಹೇಳ್ತಾಳಾ ಆ ಕಾಲದಲ್ಲಿ?”

ಗಂಗಜ್ಜಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ನನಗೂ ಅದೇ ಸ್ಥಿತಿ. ಅಲ್ಲಿ ಒಬ್ಬ ಮನುಷ್ಯ ಕೇಳಿದವರಿಗೆಲ್ಲ ಮದುವೆಯಾಗಿದೆ ಎಂದು ಬರೆಸುತ್ತಿದ್ದ, ಇಲ್ಲಿ ಒಬ್ಬ ಹೆಂಗಸು ಕೇಳಿದವರಿಗೆಲ್ಲ ಹೆಸರು ಹೇಳದೆ ಒಳಗೆ ಹೋಗುತ್ತಿದ್ದಳು. ಇಬ್ಬರೂ ಹೇಳುತ್ತಿದ್ದದ್ದು ಒಂದೇ.

“ಟೀಚರೇ,” ಗಂಗಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು, “ಆ ಊರಿನ ಪೇಪರಲ್ಲಿ ಬಂತು. ನಮ್ಮ ಪೇಪರಲ್ಲಿ ಬರ್ಲಿಲ್ವಲ್ಲ. ಇಲ್ಲಿ ಬಂದ್ರೆ ತಾನೇ ಸತ್ತ ಹಾಗೆ.”

ಗೋಣಿಕೊಪ್ಪದಲ್ಲಿ ಪೇಪರಿನ ಏಜೆಂಟ್ ನಾನು ಬರೆದುಕೊಟ್ಟ ಚೀಟಿ ನೋಡಿ ತಲೆ ಎತ್ತಿದ. “ಯಾವಾಗ ತೀರಿಕೊಂಡಿದ್ದು ಮೇಡಂ?”

“೧೯೩೬ರಲ್ಲಿ.”

“ಸ್ವಲ್ಪ ತಡ ಆಯ್ತಲ್ಲ?”

“ನಮಗೆ ಗೊತ್ತಾಗಿದ್ದು ಮೊನ್ನೆ. ಒಂದು ಪದವೂ ಬಿಡದೆ ಹಾಕಿ.”

ಪಿತೃಪಕ್ಷದ ಭಾನುವಾರ ಬೆಳಿಗ್ಗೆ ಸುದ್ದಿ ಬಂತು. ‘ತಿತಿಮತಿ ನಿವಾಸಿಯಾಗಿದ್ದ ಇಂಜಿನಿಯರ್ ಗಾಟ್ಲೀಬ್ ರಾಪ್ (೫೭) ಅವರು ೧೯೩೬ರಲ್ಲಿ ಅಮೆರಿಕದಲ್ಲಿ ನಿಧನರಾದರು. ಮೃತರು ಪತ್ನಿ ಚಿನ್ನ, ಪುತ್ರಿ ಸಣ್ಣಿ, ಮೊಮ್ಮಕ್ಕಳಾದ ಗಂಗೆ, ಉತ್ತಯ್ಯ ಅವರನ್ನು ಅಗಲಿದ್ದಾರೆ.’

ನಮ್ಮ ಜನ ನಿಧನದ ಸುದ್ದಿಯಲ್ಲಿ ಓದುವುದು ಊರು ಮತ್ತು ಉಳಿದ ಬಂಧುಗಳ ಹೆಸರು. ಇಸವಿ ಯಾರು ನೋಡುತ್ತಾರೆ? ಒಂಬತ್ತು ಗಂಟೆಯ ಹೊತ್ತಿಗೆ ರಸ್ತೆಯಲ್ಲಿ ಜೀಪುಗಳು ಸಾಲು ನಿಂತವು. ಬಾಳೆಲೆಯಿಂದ, ಕುಟ್ಟದಿಂದ, ಎಸ್ಟೇಟಿನ ಕೂಲಿಯವರ ಲೈನ್ ಮನೆಗಳಿಂದ ಬಿಳಿ ಬಟ್ಟೆ ಉಟ್ಟು, ಮುಖ ಇಳಿಸಿಕೊಂಡು ಬಂದರು. ಅಂಗಳಕ್ಕೆ ಬಂದರೆ ಒಳಗಿಂದ ಹಂದಿ ಕರಿಯ ಘಮ. ತಬ್ಬಿಬ್ಬಾಗಿ ಪೇಪರ್ ತೆಗೆದು ಮತ್ತೊಮ್ಮೆ ಓದಿದರು. ಇಸವಿ ಕಂಡವರು ಮೊದಲು ಬೆಪ್ಪಾಗಿ, ಆಮೇಲೆ ನಕ್ಕು, ಕುರ್ಚಿ ಎಳೆದುಕೊಂಡು ಕೂತರು. ಒಬ್ಬರೂ ವಾಪಸು ಹೋಗಲಿಲ್ಲ. ಕರಿ ಸಾಲದೆಂದು ಯಾರೋ ಮನೆಗೆ ಓಡಿ ಇನ್ನೊಂದು ಪಾತ್ರೆ ತಂದರು.

ರಸ್ತೆಯಾಚೆಯ ಮನೆಯ ಯಮುನಕ್ಕ ಬಂದಳು. ಉತ್ತಯ್ಯಣ್ಣ ಹಲ್ಲು ಉದುರಿಸಿದ ಇಬ್ಬರಲ್ಲಿ ಒಬ್ಬ ಅವಳ ಗಂಡನ ಅಣ್ಣ. ಅವಳು ಗಂಗಜ್ಜಿಯ ಎರಡೂ ಕೈ ಹಿಡಿದು, “ನಿಮ್ಮ ಅಜ್ಜ ಹೋದ್ರಂತಲ್ಲ ಅಕ್ಕ” ಎಂದಳು. ಆ ಮನೆಯವರು ‘ನಿಮ್ಮ ಅಜ್ಜ’ ಎಂದದ್ದು ಅದೇ ಮೊದಲು.

ಪೊನ್ನಪ್ಪಣ್ಣ ಮಾತ್ರ ಎಲ್ಲ ಗೊತ್ತಿದ್ದೂ ಕ್ರಮ ಬಿಡಲಿಲ್ಲ. ಛತ್ರಿ ಮಡಚಿ, ಗಂಭೀರವಾಗಿ ಕೇಳಿದರು: “ಎಂತ ಆಗಿತ್ತು?”

“ವಯಸ್ಸಾಗಿತ್ತು” ಎಂದಳು ಗಂಗಜ್ಜಿ, ಅಷ್ಟೇ ಗಂಭೀರವಾಗಿ. “ಈಗ ಇದ್ದಿದ್ರೆ ನೂರ ನಲವತ್ತೇಳು.”

ಎಡೆಯ ಹೊತ್ತಾಯಿತು. ಗಂಗಜ್ಜಿ ಮೊದಲು ಒಂದು ಸಣ್ಣ ಎಲೆ ಕಟ್ಟಿ ತೋಡಿನ ಕಡೆ ಹೊರಟಳು. “ನಲವತ್ತು ವರ್ಷ ಉಂಡವನನ್ನ ಈಗ ಉಪವಾಸ ಇಡ್ಲಾ?” ಎಂದು ಬ್ರೂನೋಗೆ ಅವನ ಪಾಲು ಇಟ್ಟು ಬಂದಳು. ರಮ್ಮು ಮಾತ್ರ ಕೊಡಲಿಲ್ಲ.

ಒಳಕೋಣೆಯಲ್ಲಿ ಉತ್ತಯ್ಯಣ್ಣ ಎಲೆಗಳನ್ನು ಸಾಲಾಗಿ ಹಾಕಿದ. ಕೊನೆಯಲ್ಲಿ ಚಿನ್ನಜ್ಜಿಯ ಎಲೆ. ಅದರ ಪಕ್ಕ ಇನ್ನೊಂದು ಎಲೆ ಇಟ್ಟು, ತುದಿಗೆ ತುದಿ ತಾಗಿತೇ ಎಂದು ಬಗ್ಗಿ ನೋಡಿ, ಒಂದಿಷ್ಟು ಸರಿಸಿದ. ಕಡಂಬುಟ್ಟು ಬಡಿಸಿದ, ಕರಿ ಬಡಿಸಿದ. ಆಮೇಲೆ ಶರ್ಟಿನೊಳಗಿಂದ ಒಂದು ಬಿಯರ್ ಬಾಟಲಿ ತೆಗೆದ. ನಿನ್ನೆಯೇ ಗೋಣಿಕೊಪ್ಪಕ್ಕೆ ಹೋಗಿ ತಂದದ್ದಂತೆ. “ಜರ್ಮನಿಯವರಿಗೆ ಇದಿಲ್ಲದೆ ಊಟ ಇಳಿಯಲ್ಲ ಅಂತ ಕೇಳಿದ್ದೆ” ಎಂದು ಗೊಣಗುತ್ತ ಗ್ಲಾಸಿಗೆ ಸುರಿದ. ನೊರೆ ಉಕ್ಕಿ ಸ್ವಲ್ಪ ಚೆಲ್ಲಿತು.

“ಗಾಟ್ಲೀಬಜ್ಜ,” ಎಂದು ಕರೆದ. ಆಮೇಲೆ ಅಂಗಳದ ತುದಿಯವರಿಗೂ ಕೇಳುವ ಹಾಗೆ ಮತ್ತೆ ಕರೆದ. “ಗಾಟ್ಲೀಬಜ್ಜ, ಚಿನ್ನಜ್ಜಿ, ಇಬ್ಬರೂ ಬನ್ನಿ. ಊಟಕ್ಕೆ ಹೊತ್ತಾಯ್ತು.”

ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ಬಂದೆವು. ಹತ್ತು ನಿಮಿಷ ಸುಮ್ಮನಿದ್ದು ಬಾಗಿಲು ತೆರೆಯುವುದು ರೂಢಿ. ಹತ್ತು ನಿಮಿಷ ಕಳೆದು ಉತ್ತಯ್ಯಣ್ಣ ಎದ್ದು ಬಾಗಿಲಿಗೆ ಕೈ ಹಾಕಿದ. ಗಂಗಜ್ಜಿ ಅವನ ತೋಳು ಹಿಡಿದಳು.

“ಇರೋ ಮಾರಾಯ. ನೂರ ಹನ್ನೆರಡು ವರ್ಷ ಆಯ್ತು ಅವರು ಇಬ್ರೂ ಮಾತಾಡಿ. ಇನ್ನೊಂದು ಸ್ವಲ್ಪ ಹೊತ್ತು ಇರ್ಲಿ.”

ಉತ್ತಯ್ಯಣ್ಣ ಬಾಗಿಲಿಂದ ಕೈ ತೆಗೆದು, ಬಂದವರಿಗೆಲ್ಲ ಇನ್ನೊಂದು ಸಲ ಕಾಫಿ ಹೇಳಿದ.